64 ದಿನಗಳ ಸೆರೆ

ನಿಮ್ಮಲ್ಲಿ ಕೆಲವರ ಅಪ್ಪ-ಅಮ್ಮ 2010ಕ್ಕಿಂತ ಮೊದಲೇ ಅಮೆರಿಕದ ಗ್ರೀನ್ ಕಾರ್ಡ್ ಪಡೆದಿರಬಹುದು. ಒಮ್ಮೆ ಕೇಳಿ ನೋಡಿ. ಆಗಿನ ವೈದ್ಯಕೀಯ ತಪಾಸಣೆಯಲ್ಲಿ ಎಚ್‌ಐವಿ ಪರೀಕ್ಷೆಯೂ ಇತ್ತು. ಸೋಂಕಿರುವವರನ್ನು ದೇಶದೊಳಗೆ ಬಿಡಬಾರದೆಂದು 1987ರಲ್ಲಿ ಬಂದ ನಿಯಮ 2010ರ ಜನವರಿವರೆಗೂ ಇತ್ತು. ಅವರಿಗೆ ಇದು ಮರೆತೇ ಹೋಗಿರಬಹುದು. ರಿಪೋರ್ಟು ಸರಿಯಾಗಿ ಬಂದವರು ಇಂಥದ್ದನ್ನೆಲ್ಲ ಯಾಕೆ ನೆನಪಿಟ್ಟುಕೊಳ್ಳುತ್ತಾರೆ?

ನಮ್ಮ ಕಾರವಾರದ ಪಕ್ಕದ ಗೋವಾದಲ್ಲಿ ಡೊಮಿನಿಕ್ ಡಿಸೋಜಾ ಎಂಬ ಯುವಕರಿದ್ದರು. ಆಗಾಗ ರಕ್ತದಾನ ಮಾಡುತ್ತಿದ್ದವರು. 1989ರ ಫೆಬ್ರವರಿಯಲ್ಲಿ ಪೊಲೀಸರು ಬಂದು ಅವರನ್ನು ಕರೆದೊಯ್ದರು. ದಾನ ಕೊಟ್ಟ ರಕ್ತದಲ್ಲಿ ಎಚ್‌ಐವಿ ಕಂಡಿತ್ತು, ಆದರೆ ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ, ಪೊಲೀಸ್ ಕಾವಲಿನಲ್ಲಿ, ಒಬ್ಬರನ್ನೇ 64 ದಿನ ಇಟ್ಟರು. ಇದು ಯಾರೋ ಅಧಿಕಾರಿಯ ದರ್ಪವಲ್ಲ. ಎಚ್‌ಐವಿ ಇದ್ದವರನ್ನು ಪ್ರತ್ಯೇಕಿಸಿ ಇಡಲೇಬೇಕೆಂದು ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಯೇ ಹೇಳುತ್ತಿತ್ತು.

ಕ್ವಾರಂಟೀನ್ ಎಂಬ ಪದ ಹುಟ್ಟಿದ್ದು ವೆನಿಸ್ಸಿನ ಭಾಷೆಯಲ್ಲಿ; ಪ್ಲೇಗಿನ ಕಾಲದಲ್ಲಿ ಹಡಗುಗಳು ಬಂದರಿನ ಹೊರಗೆ ಕಾಯಬೇಕಿದ್ದ 40 ದಿನ ಎಂದು ಅದರ ಅರ್ಥ. ನಲವತ್ತು ಮುಗಿದರೆ ಬಿಡುಗಡೆ. ಎಚ್‌ಐವಿಗೆ ಅಂಥ ಲೆಕ್ಕ ಎಲ್ಲಿದೆ? ಸೋಂಕು ದೇಹದಲ್ಲೇ ಉಳಿಯುತ್ತದೆ, ಹಾಗಾದರೆ ಸೆರೆಯೂ ಸಾಯುವವರೆಗೆ. ಅದೂ ಗಾಳಿಯಲ್ಲಿ ಹರಡದ, ಒಂದೇ ತಟ್ಟೆಯಲ್ಲಿ ಉಂಡರೂ ಅಂಟದ ಕಾಯಿಲೆಗೆ! ಪರೀಕ್ಷೆ ಮಾಡಿಸಿಕೊಂಡರೆ ಪೊಲೀಸರು ಬರುತ್ತಾರೆಂದ ಮೇಲೆ ಆಸ್ಪತ್ರೆಯ ಕಡೆ ತಲೆ ಹಾಕುವವರು ಯಾರು? ಆರೋಗ್ಯದ ಹೆಸರಿನ ಕಾನೂನೇ ರೋಗವನ್ನು ಬಚ್ಚಿಡುವಂತೆ ಮಾಡುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಡೊಮಿನಿಕ್ ಅವರ ತಾಯಿ ಲೂಸಿ ಡಿಸೋಜಾ ಬಾಂಬೆ ಹೈಕೋರ್ಟಿಗೆ ಹೋದರು. ಮಗ ಮನೆಗೆ ಬಂದರು. ಆದರೆ ಕಾನೂನು ತಪ್ಪೆಂದು ನ್ಯಾಯಾಲಯ ಹೇಳಲಿಲ್ಲ. ಸಮಾಜದ ಹಿತದ ಮುಂದೆ ಒಬ್ಬನ ಹಕ್ಕು ಬಾಗಬೇಕು ಎಂಬುದೇ ತೀರ್ಪಿನ ಸಾರ. ಈ ನಡುವೆ ಕಾಯ್ದೆಗೆ ಒಂದು ತಿದ್ದುಪಡಿಯಾಯಿತು: ಪ್ರತ್ಯೇಕಿಸಿ ‘ಇಡಲೇಬೇಕು’ ಎಂದಿದ್ದದ್ದು ‘ಇಡಬಹುದು’ ಎಂದಾಯಿತು.

ಡೊಮಿನಿಕ್ ಸುಮ್ಮನೆ ಮನೆಯಲ್ಲಿ ಕೂರಲಿಲ್ಲ. ಸೋಂಕಿತರಿಗಾಗಿ ಪಾಸಿಟಿವ್ ಪೀಪಲ್ ಎಂಬ ಸಂಸ್ಥೆ ಕಟ್ಟಿದರು. 1992ರಲ್ಲಿ ತೀರಿಕೊಂಡರು. ಅವರ ಪರ ವಾದಿಸಿದ್ದ ವಕೀಲ ಆನಂದ್ ಗ್ರೋವರ್ ಮುಂದೆಯೂ ಎಚ್‌ಐವಿ ಇದ್ದವರ ಹಕ್ಕಿಗಾಗಿ ಕೋರ್ಟುಗಳಲ್ಲಿ ಹೋರಾಡಿದರು. ಸೋಂಕಿತರನ್ನು ಬೇರ್ಪಡಿಸಿ ಇಡುವುದನ್ನು ತಾರತಮ್ಯವೆಂದು ನಿಷೇಧಿಸಿದ ಕಾಯ್ದೆ ಭಾರತದ ಸಂಸತ್ತಿನಲ್ಲಿ ಪಾಸಾದದ್ದು 2017ರಲ್ಲಿ, ಜಾರಿಗೆ ಬಂದದ್ದು 2018ರ ಸೆಪ್ಟೆಂಬರಿನಲ್ಲಿ.

ಡೊಮಿನಿಕ್ ಅವರ ಬದುಕಿನಿಂದ ಪ್ರೇರಣೆ ಪಡೆದ ಹಿಂದಿ ಚಿತ್ರವೊಂದಿದೆ, 2005ರ ‘ಮೈ ಬ್ರದರ್ ನಿಖಿಲ್’. ಅದರಲ್ಲಿ ನಾಯಕ ಈಜುಗಾರ. ಸಿಕ್ಕರೆ ನೋಡಿ.