ಮಿಗ್-15 ಬಿಸ್: ಹದಿನೇಳು ನಿಮಿಷಗಳ ಹಾರಾಟ

ನಿಮ್ಮೆದುರಿನ ಈ ಯುದ್ಧವಿಮಾನವನ್ನು ಯಾರೂ ಸೆರೆಹಿಡಿದದ್ದಲ್ಲ. ಅದರ ಪೈಲಟ್ಟೇ ಹಾರಿಸಿಕೊಂಡು ಬಂದು ಒಪ್ಪಿಸಿದ್ದು.

1953ರ ಸೆಪ್ಟೆಂಬರ್ 21. ಕೊರಿಯಾ ಯುದ್ಧ ನಿಂತು ಎರಡು ತಿಂಗಳೂ ತುಂಬಿರಲಿಲ್ಲ. ಉತ್ತರ ಕೊರಿಯಾ ವಾಯುಪಡೆಯ 21 ವರ್ಷದ ಲೆಫ್ಟಿನೆಂಟ್ ನೋ ಕುಮ್-ಸೋಕ್ ಪ್ಯೊಂಗ್ಯಾಂಗ್ ಸಮೀಪದ ಸುನಾನ್‌ನಿಂದ ಮೇಲೇರಿ ದಕ್ಷಿಣಕ್ಕೆ ತಿರುಗಿದರು. ಸುಮಾರು 17 ನಿಮಿಷಗಳಲ್ಲಿ ಸೋಲ್ ಬಳಿಯ ಕಿಂಪೊ ನೆಲೆ ತಲುಪಿದರು. ಅಲ್ಲಿನ ರೇಡಾರ್ ಆ ಹೊತ್ತಿಗೆ ತಾತ್ಕಾಲಿಕವಾಗಿ ನಿಂತಿತ್ತು. ಅದು ನಡೆಯುತ್ತಿದ್ದರೆ ಅವರು ಬದುಕಿ ಇಳಿಯುತ್ತಿದ್ದರೇ ಎಂಬುದು ಅನುಮಾನ. ಓಡುದಾರಿಯ ತಪ್ಪು ತುದಿಯಿಂದ ಇಳಿದಾಗ, ಎದುರಿನಿಂದ ಅಮೆರಿಕದ ಎಫ್-86 ಸೇಬರ್ ಒಂದು ಇಳಿಯುತ್ತಿತ್ತು. ಕೂದಲೆಳೆಯಲ್ಲಿ ಡಿಕ್ಕಿ ತಪ್ಪಿತು.

ಮಿಗ್ ತಂದವರಿಗೆ ಅಮೆರಿಕ 1,00,000 ಡಾಲರ್ ಬಹುಮಾನ ಸಾರಿತ್ತು. ನೋ ಅವರಿಗೆ ಆ ಸುದ್ದಿಯೇ ತಿಳಿದಿರಲಿಲ್ಲ. ಹಣಕ್ಕಿಂತ ದೊಡ್ಡದೊಂದು ಅವರಿಗೆ ಕಾದಿತ್ತು: ಯುದ್ಧದಲ್ಲಿ ಅಗಲಿಹೋಗಿದ್ದ ತಾಯಿ ದಕ್ಷಿಣದಲ್ಲಿ ಜೀವಂತವಾಗಿದ್ದರು.

ವಿಮಾನವನ್ನು ಒಕಿನಾವಾಕ್ಕೆ ಒಯ್ದು, ಚಕ್ ಯೇಗರ್ ಮುಂತಾದವರು ಹಾರಿಸಿ ಪರೀಕ್ಷಿಸಿದರು. ಮೂಗಿನಡಿ ಒಂದು 37 ಮಿ.ಮೀ. ಮತ್ತು ಎರಡು 23 ಮಿ.ಮೀ. ಫಿರಂಗಿಗಳಿರುವುದನ್ನು ಗಮನಿಸಿ. ಇದರ ಎಂಜಿನ್ನಿನ ಮೂಲ ಬ್ರಿಟನ್ನಿನ ರೋಲ್ಸ್-ರಾಯ್ಸ್ ನೀನ್. ನಿಜವಾದ ಒಡೆಯರಿಗೆ ಮರಳಿಸುತ್ತೇವೆಂದು ಅಮೆರಿಕ ಹೇಳಿದರೂ ಯಾವ ದೇಶವೂ ಮುಂದೆ ಬರಲಿಲ್ಲ. 1957ರಲ್ಲಿ ಇದು ಡೇಟನ್ನಿನ ಈ ಸಂಗ್ರಹಾಲಯಕ್ಕೆ ಸೇರಿತು.

ನೋ ಅಮೆರಿಕಕ್ಕೆ ಹೋಗಿ ಕೆನೆತ್ ರೋ ಎಂಬ ಹೆಸರಿನಲ್ಲಿ ಎಂಜಿನಿಯರಾದರು, ವಿಮಾನಶಾಸ್ತ್ರದ ಪ್ರಾಧ್ಯಾಪಕರಾದರು. ಉತ್ತರದಲ್ಲಿ ಉಳಿದ ಸಹಚರರಲ್ಲಿ ಐವರಿಗೆ ಮರಣದಂಡನೆಯಾಯಿತೆಂಬ ಸುದ್ದಿ ಅವರನ್ನು ಹಲವು ವರ್ಷಗಳ ನಂತರ ಮುಟ್ಟಿತು. ಅವರು 2022ರಲ್ಲಿ ನಿಧನರಾದರು.