ಮದ್ರಾಸಿ, ಕಾನಡಿ, ಕನ್ನಡಿಗ

ಮೊನ್ನೆ ಮಗಳು ಕೇಳಿದಳು, "ಅಪ್ಪಾ, ನಾನು ಹುಟ್ಟಿದ್ದು ಜೋಗೇಶ್ವರಿಯಲ್ಲಿ. ಕನ್ನಡ ಓದ್ಲಿಕ್ಕೂ ಬರುದಿಲ್ಲ. ಮತ್ತೆ ನಾನು ಕನ್ನಡತಿ ಹೇಗೆ?"

ಉತ್ತರ ಹೊಳೆಯಲಿಲ್ಲ. ದೊಡ್ಡಪ್ಪ ನೆನಪಾದರು.

ದೊಡ್ಡಪ್ಪ 1952ರಲ್ಲಿ ಮಂಗಳೂರಿನಿಂದ ಮುಂಬಯಿಗೆ ಬಂದವರು. ಮನೆಮಾತು ತುಳು. ಹಗಲು ಹೋಟೆಲಿನಲ್ಲಿ ದುಡಿತ, ರಾತ್ರಿ ಕನ್ನಡ ರಾತ್ರಿಶಾಲೆ. ಇಲ್ಲಿನವರು ಅವರನ್ನು ಕರೆಯುತ್ತಿದ್ದದ್ದು 'ಮದ್ರಾಸಿ' ಎಂದು. ಅವರಿಗೋ ವಿಪರೀತ ಸಿಟ್ಟು. ತಮಾಷೆಯೆಂದರೆ, ಕಾಗದದ ಮೇಲೆ ಅದು ಸುಳ್ಳಾಗಿರಲಿಲ್ಲ! 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ರಂದು ಮಂಗಳೂರು ಮೈಸೂರು ರಾಜ್ಯಕ್ಕೆ ಬಂತು. 1973ರ ನವೆಂಬರ್ 1ಕ್ಕೆ ಆ ರಾಜ್ಯವೇ ಕರ್ನಾಟಕವಾಯಿತು. ಊರು ಇದ್ದಲ್ಲೇ ಇತ್ತು, ದೊಡ್ಡಪ್ಪನ ರಾಜ್ಯದ ಹೆಸರು ಮಾತ್ರ ಎರಡು ಸಲ ಬೇರೆಯಾಯಿತು. ಆದರೂ 'ಮದ್ರಾಸಿ' ಹೋಗಲಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿ ದಕ್ಷಿಣದವರ ವಿರುದ್ಧ ಕೂಗೆದ್ದಾಗ ಅದು ಹೆದರಿಸುವ ಹೆಸರೂ ಆಯಿತು.

ಇನ್ನು ಮರಾಠಿಯ 'ಕಾನಡಿ'. ಭಾಷೆಗೂ ಅದೇ ಪದ, ಆಡುವವರಿಗೂ ಅದೇ. ಗಂಡು ಹೆಣ್ಣೆಂಬ ಭೇದವಿಲ್ಲ. ನಮ್ಮಲ್ಲಿ ಹಾಗಲ್ಲ. 'ಕನ್ನಡ'ಕ್ಕೆ 'ಇಗ' ಸೇರಿ ಕನ್ನಡಿಗ. ಹೆಣ್ಣಾದರೆ ಕನ್ನಡತಿ. ಎಲ್ಲರೂ ಸೇರಿದರೆ ಕನ್ನಡಿಗರು. ದೂರದ ಐರಿಷ್ ಭಾಷೆಯಲ್ಲಿ ನಾಡಿನವರಿಗೆ 'ಏರನಖ್', ಭಾಷೆ ಆಡುವವರಿಗೆ 'ಗೇಲ್ಗೋರ್', ಎರಡಕ್ಕೂ ಬೇರೆ ಬೇರೆ ಪದ. ನಮ್ಮ 'ಕನ್ನಡಿಗ' ಎರಡನ್ನೂ ಒಟ್ಟಿಗೇ ಹೊರುತ್ತದೆ. ಏಕೆಂದರೆ ಕನ್ನಡ ಎಂದರೆ ನಾಡೂ ಹೌದು. 9ನೇ ಶತಮಾನದ ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿವರೆಗಿನ ನಾಡನ್ನು ಆ ಹೆಸರಿನಿಂದಲೇ ಗುರುತಿಸುತ್ತದೆ.

ನಾಡೊಂದೇ ಅರ್ಥವಾದರೆ ನನ್ನ ಮಗಳು ಹೊರಗುಳಿಯುತ್ತಾಳೆ. ಆದರೆ ಈ 'ಇಗ' ಇನ್ನೆಲ್ಲಿ ಬರುತ್ತದೆ ನೋಡಿ. ಲೆಕ್ಕ ಬರೆಯುವವ ಲೆಕ್ಕಿಗ, ಗಾಣ ಆಡಿಸುವವ ಗಾಣಿಗ, ಹಾವಾಡಿಸುವವ ಹಾವಾಡಿಗ. ಎಲ್ಲಿ ಹುಟ್ಟಿದೆ ಎಂದು ಅದು ಕೇಳುವುದಿಲ್ಲ, ಏನು ಮಾಡುತ್ತೀ ಎಂದು ಕೇಳುತ್ತದೆ. ತುಳು ಮನೆಮಾತಿನ ದೊಡ್ಡಪ್ಪ ಕನ್ನಡಿಗರಾದದ್ದು ಹಾಗೆ, ರಾತ್ರಿಶಾಲೆಯ ಬೆಂಚಿನ ಮೇಲೆ. ಸರಕಾರದ ಕಾಗದದಿಂದಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿದೆ. "ಅಂದ್ರೆ ನಾನಿನ್ನೂ ಆಗಿಲ್ಲ ಅಂತಲೇ ಆಯ್ತಲ್ಲ?" ಅಂದಳು. ತಪ್ಪು ಅವಳದ್ದಲ್ಲ, ಕಲಿಸದ ನನ್ನದು. ನಿನ್ನೆ ರಾತ್ರಿ ಊಟವಾದ ಮೇಲೆ ಸ್ಲೇಟು ಹಿಡಿದು ಕೂತೆವು. ಅ, ಆ ಮುಗಿದಿದೆ. ಇವತ್ತು ಇ, ಈ.