ಪಟ್ಟಿಯಲ್ಲಿಲ್ಲದ ಮೌಲ್ಯಗಳು: ದಕ್ಷಿಣ ಬೆಂಗಳೂರಿನ ಕ್ರೈಸ್ತ ಸಭೆಗಳು

ಬಿಟಿಎಂ ಲೇಔಟ್, ಜೆ.ಪಿ. ನಗರಗಳಲ್ಲಿ ಈಚೆಗೆ ಹುಟ್ಟಿದ ಎಷ್ಟೋ ಸಭೆಗಳಿಗೆ ಗೋಪುರವಿಲ್ಲ, ಗಂಟೆಯಿಲ್ಲ. ಭಾನುವಾರದ ಮಟ್ಟಿಗೆ ಬಾಡಿಗೆಗೆ ಹಿಡಿದ ಹಾಲ್, ಪ್ಲಾಸ್ಟಿಕ್ ಕುರ್ಚಿ, ಒಂದು ಗಿಟಾರು, ಅಷ್ಟೆ. ಆದರೆ ‘ನಮ್ಮ ಮೌಲ್ಯಗಳು’ ಎಂಬ ಪಟ್ಟಿ ಮಾತ್ರ ತಪ್ಪದೆ ಇರುತ್ತದೆ: ವಾಕ್ಯ, ಪ್ರಾರ್ಥನೆ, ಅನ್ಯೋನ್ಯತೆ, ಸೇವೆ. ಅದರಲ್ಲಿ ಮೊದಲ ಮೂರು ಅಪೊಸ್ತಲರ ಕೃತ್ಯಗಳ ಎರಡನೇ ಅಧ್ಯಾಯದಷ್ಟು ಹಳೆಯವು. ಪಟ್ಟಿ ಮಾಡುವ ಚಟ ಹೊಸದು. 1985ರಲ್ಲಿ ನಿರ್ವಹಣಾ ವಿದ್ವಾಂಸ ಎಡ್ಗರ್ ಶೈನ್ ಸಂಸ್ಥೆಗಳ ಸಂಸ್ಕೃತಿಯ ಬಗ್ಗೆ ಪುಸ್ತಕ ಬರೆದರು. 1995ರಲ್ಲಿ ಕ್ಯಾಲಿಫೋರ್ನಿಯಾದ ಪಾಸ್ಟರ್ ರಿಕ್ ವಾರೆನ್ ಅವರ ‘ಪರ್ಪಸ್ ಡ್ರಿವನ್ ಚರ್ಚ್’ ಬಂತು. ಐಟಿ ಕಂಪನಿಯ ಗೋಡೆಯ ಮೇಲೆ ಮೌಲ್ಯಗಳನ್ನು ಓದಿ ಅಭ್ಯಾಸವಾದವರಿಗೆ ಪ್ರಾರ್ಥನೆಯ ಹಾಲ್‌ನಲ್ಲೂ ಅದು ಸಹಜವೆನಿಸಿತು. ಘೋಷಿಸಿದ ಮೌಲ್ಯಗಳ ಅಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ನಂಬಿಕೆಗಳಿರುತ್ತವೆ, ನಡೆಸುವುದು ಅವೇ ಎಂದೂ ಶೈನ್ ಹೇಳಿದ್ದರು. ಆ ಭಾಗ ಇಲ್ಲಿಗೆ ಅಷ್ಟಾಗಿ ತಲುಪಿದಂತೆ ಕಾಣುವುದಿಲ್ಲ.

ಹಳೆಯ ಕನ್ನಡ ಸಭೆಗಳಲ್ಲಿ ಮೌಲ್ಯಗಳು ಬಂದದ್ದು ಲೆಕ್ಕದ ಪುಸ್ತಕದ ದಾರಿಯಲ್ಲಿ. 1742ರಲ್ಲಿ ಬ್ರಿಸ್ಟಲ್‌ನ ಮೆಥಡಿಸ್ಟರು ಕಟ್ಟಡದ ಸಾಲ ತೀರಿಸಲು ವಾರಕ್ಕೊಂದು ಪೆನ್ನಿ ವಸೂಲಿ ಶುರುಮಾಡಿದರು. ಹತ್ತು ಹನ್ನೆರಡು ಮಂದಿಗೆ ಒಬ್ಬ ಮುಖಂಡ. ಹಣ ಕೇಳಲು ಮನೆಗೆ ಹೋದವನ ಕಣ್ಣಿಗೆ ಕುಡಿತ, ಜಗಳ, ಕಾಯಿಲೆ ಎಲ್ಲ ಬಿತ್ತು. ವಸೂಲಿ ವಿಚಾರಣೆಯಾಯಿತು, ವಿಚಾರಣೆ ಪರಸ್ಪರ ಹೊಣೆಯಾಯಿತು. ‘ಕ್ಲಾಸ್ ಮೀಟಿಂಗ್’ ಹುಟ್ಟಿದ್ದು ಹೀಗೆ. ಬೆಂಗಳೂರಿಗೆ ಬಂದ ವೆಸ್ಲಿಯನ್ ಮಿಷನರಿಗಳು ಈ ಪರಂಪರೆಯವರು. 1904ರ ಹಡ್ಸನ್ ಸ್ಮಾರಕ ದೇವಾಲಯ ಅವರದೇ ಬಳುವಳಿ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಲಂಡನ್ ಮಿಷನ್ನಿನದು. ಅದು ನೆನೆಯುವ ಬೆಂಜಮಿನ್ ರೈಸ್, ನಮ್ಮ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ತಂದೆ.

1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಪಂಗಡಗಳು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಆಯಿತು. ಮರುವರ್ಷ ಜಯನಗರದ ಬಡಾವಣೆಗೆ ಅಡಿಗಲ್ಲು ಬಿತ್ತು. ಪೇಟೆಯ ಸಭೆಗಳ ಮಕ್ಕಳು ಸೈಟು ಹಿಡಿದು ದಕ್ಷಿಣಕ್ಕೆ ಸರಿದರು. ಮಂಗಳೂರು, ಧಾರವಾಡಗಳ ಬಾಸೆಲ್ ಮಿಷನ್ ಮನೆತನಗಳವರೂ ನೌಕರಿಗೆಂದು ಬಂದರು. ಜಾತಿ ಬಿಟ್ಟು ಕಸುಬನ್ನೂ ಕಳೆದುಕೊಂಡವರಿಗೆ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ, ಮಗ್ಗಗಳನ್ನು ಕಟ್ಟಿತ್ತು. ದುಡಿಮೆ, ಮಿತವ್ಯಯಗಳು ಅವರಿಗೆ ಭಕ್ತಿಯ ಭಾಗವೇ. ಹೊಲವಿಲ್ಲದ ಬಡಾವಣೆಯಲ್ಲೂ ಸುಗ್ಗಿ ಹಬ್ಬ ಉಳಿಯಿತು. ಕುಂಬಳಕಾಯಿಯ ಪಕ್ಕ ಕೇಕು ಬಂತು. ಹಬ್ಬಕ್ಕೆ ತಂದ ಕಾಣಿಕೆಗಳ ಹರಾಜು ಮಾತ್ರ ಹಾಗೇ ಇದೆ. ನಿಂಬೆಹಣ್ಣಿಗೆ ಸಾವಿರ ಕೂಗುವವರನ್ನು ಕಂಡು ಸಭೆ ನಗುತ್ತದೆ, ಜೊತೆಗೆ ಯಾರು ಎಷ್ಟು ಕೂಗಿದರೆಂದು ನೆನಪಿಟ್ಟುಕೊಳ್ಳುತ್ತದೆ. ಔದಾರ್ಯವನ್ನೂ ಅಂತಸ್ತನ್ನೂ ಒಟ್ಟಿಗೇ ಕಲಿಸುವ ಪಾಠ ಇದು.

ಕಥೊಲಿಕರಲ್ಲಿ ಪರೀಕ್ಷೆ ಬಂದದ್ದು ಭಾಷೆಯಿಂದ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನಭಾಷೆಗೆ ಬಾಗಿಲು ತೆರೆಯಿತು. ಬೆಂಗಳೂರಿನಲ್ಲಿ ಜನಭಾಷೆ ಯಾವುದು? ಕನ್ನಡ, ತಮಿಳುಗಳ ಜಗಳ ದಶಕಗಳ ಕಾಲ ಮಹಾಧರ್ಮಪ್ರಾಂತ್ಯವನ್ನು ಕಾಡಿತು. ನನ್ನ ಮಟ್ಟಿಗೆ, ಯಾವ ಭಾಷೆಯ ಬಲಿಪೂಜೆ ಎಷ್ಟು ಗಂಟೆಗೆ ಎಂಬ ಬೋರ್ಡು ಒಂದು ಧರ್ಮಕೇಂದ್ರದ ಬಗ್ಗೆ ಹೇಳುವಷ್ಟನ್ನು ಅದರ ಧ್ಯೇಯವಾಕ್ಯ ಹೇಳುವುದಿಲ್ಲ. ಕಿರು ಕ್ರೈಸ್ತ ಸಮುದಾಯಗಳೆಂಬ ನೆರೆಹೊರೆಯ ಕೂಟಗಳಿಗೆ 1990ರ ಬಾಂಡುಂಗ್ ಸಮ್ಮೇಳನದಲ್ಲಿ ಏಷ್ಯಾದ ಬಿಷಪ್ಪರು ಒತ್ತು ಕೊಟ್ಟರು. ಬೇರೆಬೇರೆ ಭಾಷೆಯ ಮನೆಗಳನ್ನು ಒಂದೇ ಜಪಕ್ಕೆ ಕೂರಿಸಬಲ್ಲ ಏರ್ಪಾಡು ಅದು.

ಜಾತಿಯ ಮಾತು ತಡವಾಗಿ ಎದ್ದಿತು. 1981ರಲ್ಲಿ ಇದೇ ಊರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ದೈವಶಾಸ್ತ್ರಜ್ಞ ಎ.ಪಿ. ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರದ ಚರ್ಚೆ ಶುರುವಾಯಿತೆನ್ನುತ್ತಾರೆ. ‘ಕ್ರಿಸ್ತನಲ್ಲಿ ಎಲ್ಲರೂ ಒಂದೇ’ ಎನ್ನುವ ಮನೆಗಳಲ್ಲಿ ಮದುವೆಯ ಮಾತು ಬಂದಾಗ ಏನಾಗುತ್ತದೆಂಬುದು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ಬಾಡಿಗೆ ಹಾಲ್‌ನ ಹೊಸ ಸಭೆಗಳಿಗೆ ಇಲ್ಲೊಂದು ಅನುಕೂಲವಿದೆ. ಮಣಿಪುರದ ಹುಡುಗಿ, ಕೊಟ್ಟಾಯಂನ ಇಂಜಿನಿಯರ್, ಕೋಲಾರದ ನರ್ಸ್ ಅಕ್ಕಪಕ್ಕ ಕೂರುತ್ತಾರೆ. ಮನೆತನ ಕೇಳುವ ಹಿರಿಯರು ಅಲ್ಲಿಲ್ಲ. ಆದರೆ ಕೆಲಸ ಬದಲಾದರೆ ಸಭೆಯೂ ಬದಲಾಗುತ್ತದೆ, ಇಂಗ್ಲಿಷ್ ಬಾರದ ಮನೆಗೆಲಸದವಳು ಬಾಗಿಲಲ್ಲೇ ಉಳಿಯುತ್ತಾಳೆ. ಸಾವು ಬಂದಾಗ ಇನ್ನೊಂದು ಕೊರತೆ ಎದ್ದು ಕಾಣುತ್ತದೆ: ಇಂಥ ಸಭೆಗೆ ಸ್ವಂತ ಸ್ಮಶಾನವಿರುವುದು ಅಪರೂಪ. ಹೊಸೂರು ರಸ್ತೆಯ ಹಳೆಯ ಸ್ಮಶಾನಗಳಲ್ಲಿ ಜಾಗ ಕಡಿಮೆ. ಆಗ ಪಾಸ್ಟರ್ ಹಳೆಯ ಸಭೆಯೊಂದರ ಕಚೇರಿಗೆ ಫೋನ್ ಮಾಡುತ್ತಾರೆ, ಅಲ್ಲಿನ ಗುಮಾಸ್ತರು ಮೊದಲು ಕೇಳುವುದು ಸತ್ತವರ ಹೆಸರು ಯಾವ ಸಭೆಯ ರಿಜಿಸ್ಟರಿನಲ್ಲಿದೆ ಎಂದು.